ಮುಖವಾಡದ ಕೋಟ್ಯಧೀಶ ಮತ್ತು ಕಮಲಮ್ಮನ ಡಬರಿ

ಅರವತ್ತೊಂದು ವರ್ಷದ ಗಂಡಸು ಯಾವುದಕ್ಕೆಲ್ಲ ತಲೆ ಕೆಡಿಸಿಕೊಳ್ಳಬಹುದು ಎಂಬುದಕ್ಕೆ ಲೋಕದಲ್ಲಿ ಒಂದು ಪಟ್ಟಿ ಇದೆ. ಮೊಣಕಾಲು, ರಕ್ತದ ಸಕ್ಕರೆ, ನಿವೃತ್ತಿ, ಮಗಳ ಮದುವೆ. ನಾನು ಈ ಪಟ್ಟಿಗೆ ವಿಧೇಯನಾಗಿಯೇ ಇದ್ದವನು. ಆದರೆ ಕಳೆದ ಕೆಲವು ತಿಂಗಳಿಂದ ಪಟ್ಟಿಯಲ್ಲಿಲ್ಲದ ಒಂದು ಪ್ರಶ್ನೆ ನನ್ನನ್ನು ಹಿಡಿದುಕೊಂಡಿದೆ. ಹಗಲೆಲ್ಲ ಕೋಟ್ಯಧೀಶನಾಗಿದ್ದು, ಮಿಕ್ಕ ಹೊತ್ತಿನಲ್ಲಿ ಮುಖವಾಡ ಹಾಕಿಕೊಂಡು ಊರನ್ನು ಕಾಪಾಡುವ ಮಹಾವೀರನೊಬ್ಬ ತಾನು ಯಾರೆಂಬ ಗುಟ್ಟನ್ನು ಉಳಿಸಿಕೊಳ್ಳಲು ಸಾಧ್ಯವೇ? ಆಫೀಸಿನಲ್ಲಿ ಕಡತ ತೆರೆದು ಕೂತಾಗ, ನ್ಯೂಜೆರ್ಸಿಯ ರೂಟ್ ಒನ್ ರಸ್ತೆಯ ಕೆಂಪು ದೀಪದ ಮುಂದೆ ನಿಂತಾಗ, ಹಲ್ಲುಜ್ಜುವಾಗ ಕೂಡ ಇದೇ ಯೋಚನೆ. ಹೆಂಡತಿ ತೀರಿಕೊಂಡು ಈಗಷ್ಟೇ ವರ್ಷ ದಾಟಿದ ಮನುಷ್ಯನಿಗೆ ಇದು ತಕ್ಕ ಯೋಚನೆಯಲ್ಲ ಎಂದು ನನಗೂ ಗೊತ್ತು. ತಕ್ಕ ಯೋಚನೆಗಳು ಯಾವುವೋ, ಅವುಗಳ ಹತ್ತಿರ ಹೋಗಲು ನನಗೆ ಇನ್ನೂ ಧೈರ್ಯ ಬಂದಿಲ್ಲ.

ಇದು ಹತ್ತಿಕೊಂಡಿದ್ದು ಮಗಳಿಂದ. ಹೆಂಡತಿ ವನಜ ಹೋದಮೇಲೆ ನಮ್ಮ ಮಗಳು ನಿಧಿ ಪ್ರತಿ ಶನಿವಾರ ಮಾರಿಸ್‌ಟೌನ್‌ನಿಂದ ಕೆಂಡಲ್ ಪಾರ್ಕಿನ ನಮ್ಮ ಮನೆಗೆ ಬರುತ್ತಾಳೆ. ಇಲ್ಲೇ ಹುಟ್ಟಿ ಬೆಳೆದವಳು, ಇಪ್ಪತ್ತೇಳು ವರ್ಷ, ಒಳ್ಳೆಯ ಕೆಲಸ. ಬಂದವಳು ಫ್ರಿಜ್ ತೆರೆದು ನೋಡುತ್ತಾಳೆ, ಮುಚ್ಚುತ್ತಾಳೆ. "ಅಪ್ಪ, ಆರ್ ಯು ಈಟಿಂಗ್?" ಎನ್ನುತ್ತಾಳೆ. "ತಿಂತಿದೀನಮ್ಮ" ಎನ್ನುತ್ತೇನೆ. ಅಲ್ಲಿಗೆ ನಮ್ಮಿಬ್ಬರ ಮಾತು ಮುಗಿಯುತ್ತದೆ. ಇಪ್ಪತ್ತೇಳು ವರ್ಷ ನಾವಿಬ್ಬರೂ ಮಾತಾಡಿಕೊಂಡಿದ್ದು ವನಜಳ ಮೂಲಕ ಎಂಬುದು ಅವಳು ಹೋದಮೇಲೆ ನಮ್ಮಿಬ್ಬರಿಗೂ ಒಟ್ಟಿಗೇ ಗೊತ್ತಾಯಿತು. ಅವಳ ವಿಷಯ ತೆಗೆಯಲು ಇಬ್ಬರಿಗೂ ಭಯ. ಹಾಗಾಗಿ ಊಟವಾದ ಮೇಲೆ ಸೋಫಾದ ಎರಡು ತುದಿಯಲ್ಲಿ ಕೂತು ಮಹಾವೀರರ ಸಿನಿಮಾ ನೋಡುವುದು ರೂಢಿಯಾಯಿತು. ಅದರಲ್ಲಿ ಗದ್ದಲ ಬಹಳ. ಗದ್ದಲವಿರುವ ಕಡೆ ಯಾರೂ ಮಾತಾಡಬೇಕಾಗಿಲ್ಲ.

ಮೂರನೆಯ ಶನಿವಾರವೋ ನಾಲ್ಕನೆಯದೋ, ಪರದೆಯ ಮೇಲಿನ ಕೋಟ್ಯಧೀಶ ತನ್ನ ಬಂಗಲೆಯ ಕೆಳಗಿನ ಏಳು ಅಂತಸ್ತಿನ ರಹಸ್ಯ ಕಾರ್ಖಾನೆಗೆ ಲಿಫ್ಟಿನಲ್ಲಿ ಇಳಿದ. ನಾನು ತಡೆಯಲಾರದೆ ಕೇಳಿದೆ: "ಇದಕ್ಕೆ ಪರ್ಮಿಟ್ ಯಾರು ಕೊಟ್ಟರು?"

ಈ ಪ್ರಶ್ನೆ ಕೇಳುವ ಹಕ್ಕು ನನಗಿದೆ. ನಾನು ಓದಿದ್ದು ಸಿವಿಲ್ ಡಿಪ್ಲೊಮಾ, ಅದೂ ಎರಡನೇ ದರ್ಜೆ. ಇಲ್ಲಿಗೆ ಬಂದ ಮೇಲೆ ಏನೇನೋ ಮಾಡಿ, ಕಳೆದ ಹತ್ತೊಂಬತ್ತು ವರ್ಷದಿಂದ ಒಂದು ಟೌನ್‌ಶಿಪ್ಪಿನ, ಅಂದರೆ ಊರಿನ ಪುರಸಭೆಯಂಥದರ, ಕಟ್ಟಡ ಪರವಾನಗಿ ವಿಭಾಗದಲ್ಲಿ ತಪಾಸಣೆಯ ಕೆಲಸ. ನಮ್ಮ ಕನ್ನಡದ ಬಳಗದಲ್ಲಿ ಕಂಪ್ಯೂಟರ್ ಮುಟ್ಟದೆ ಸಂಬಳ ತೆಗೆದುಕೊಳ್ಳುವವನು ಬಹುಶಃ ನಾನೊಬ್ಬನೇ. ನೆಲಮಾಳಿಗೆ ಅಂದರೆ ಬೇಸ್‌ಮೆಂಟ್ ನನ್ನ ವಿಶೇಷ. ಕದ್ದು ಕಟ್ಟಿದ ಬಚ್ಚಲು, ಕಿಟಕಿಯಿಲ್ಲದ ಮಲಗುವ ಕೋಣೆ, ಸುಳ್ಳು ಗೋಡೆಯ ಹಿಂದೆ ಅಡಗಿಸಿದ ಎರಡನೇ ಅಡುಗೆಮನೆ, ಎಲ್ಲವನ್ನೂ ಮೆಟ್ಟಿಲಿಳಿಯುವಾಗಲೇ ವಾಸನೆಯಿಂದ ಹೇಳುತ್ತೇನೆ. ಇದು ಜಂಬವಲ್ಲ, ಅಭ್ಯಾಸ.

"ಅಪ್ಪ, ಇಟ್ಸ್ ಎ ಮೂವಿ" ಎಂದಳು ನಿಧಿ.

"ಇರಬಹುದಮ್ಮ. ಏಳು ಅಂತಸ್ತು ಅಗೆದ ಮಣ್ಣು ಎಲ್ಲಿ ಹೋಯ್ತು? ದಿನಕ್ಕೆ ನಲವತ್ತು ಟ್ರಕ್ ಮಣ್ಣು ಹೊರಗೆ ಹೋಗಬೇಕು. ಇಲ್ಲಿ ಹಿತ್ತಲಲ್ಲಿ ಒಂದು ಡೆಕ್ ಕಟ್ಟಿದರೇ ಪಕ್ಕದ ಮನೆಯೋರು ಆಫೀಸಿಗೆ ಫೋನ್ ಮಾಡ್ತಾರೆ. ಹೆಸರು ಹೇಳಲ್ಲ, ಅಷ್ಟೇ."

"ಹೀ ಈಸ್ ಎ ಬಿಲಿಯನೇರ್. ಎಲ್ಲರ ಹತ್ರ ಎನ್‌ಡಿಎ ಸೈನ್ ಮಾಡಿಸ್ತಾನೆ."

"ಬಾಯಿ ಮುಚ್ಕೊಂಡಿರು ಅಂತ ಕಾಗದ ಬರ್ಸಿಕೊಂಡರೆ, ಬಾಯಲ್ಲಿ ಏನೋ ಇದೆ ಅಂತ ಊರಿಗೇ ಗೊತ್ತಾಗಲ್ವಾ? ದುಡ್ಡಿರೋದೇ ಅವನ ತೊಂದರೆ. ಅಂಥ ಗಾಡಿ ಊರಲ್ಲಿ ಇನ್ಯಾರ ಹತ್ರಾನೂ ಇಲ್ಲ. ಅಂಥ ಬಟ್ಟೆ ಇನ್ಯಾರೂ ಹೊಲಿಸಲಾರರು. ಹೆಸರು ಬರೆದುಕೊಂಡೇ ಓಡಾಡ್ದಂಗೆ ಅದು. ಹೋಗಲಿ, ಅಡುಗೆಯವನು? ಒಬ್ಬನೇ ಇರೋ ಮನೇಲಿ ಎಷ್ಟು ಅಡುಗೆ ಖರ್ಚಾಗುತ್ತೆ, ಯಾವಾಗ ಖರ್ಚಾಗುತ್ತೆ ಅಂತ ಅಡುಗೆಯವನಿಗೆ ಗೊತ್ತಾಗದೇ ಇರುತ್ತಾ? ಒಂದೇ ಸೂರಿನ ಕೆಳಗೆ ಇರೋರಿಂದ ಏನನ್ನೂ ಮುಚ್ಚಿಡಕ್ಕಾಗಲ್ಲ."

ನಿಧಿ ನನ್ನನ್ನು ತಿರುಗಿ ನೋಡಿದಳು. ಅಷ್ಟು ಉದ್ದ ನಾನು ಅವಳ ಜೊತೆ ಯಾವತ್ತೂ ಮಾತಾಡಿರಲಿಲ್ಲ. "ಓಕೆ" ಎಂದು ಸಿನಿಮಾ ನಿಲ್ಲಿಸಿ, ಕಾಲು ಮಡಿಸಿ ಕೂತಳು. "ವಾಟ್ ಅಬೌಟ್ ದ ಮಾಸ್ಕ್?" ಅಲ್ಲಿಂದ ಶನಿವಾರಗಳು ಬೇರೆಯಾದವು. ವಾರವಿಡೀ ನಾನು ವಾದ ಕೂಡಿಹಾಕುತ್ತಿದ್ದೆ, ಅವಳು ರೈಲಿನಲ್ಲಿ ಕೂತು ಉತ್ತರ ಹೊಂದಿಸುತ್ತಿದ್ದಳು. ವಿದ್ಯುತ್ ತಪಾಸಣೆ, ಚರಂಡಿಯ ನಕ್ಷೆ, ಗಾಯವಾದಾಗ ವಿಮೆಯವರಿಗೆ ಹೇಳುವ ಸುಳ್ಳು. ಇಂಥ ಒಂದು ಮಾತಿನ ನಡುವೆ ನನಗೆ ವನಜ ನೆನಪಾದಳು. ಹಿಂದೆಂದೋ ಇಂಥದೇ ಒಂದು ಸಿನಿಮಾ ಟಿವಿಯಲ್ಲಿ ಬರುತ್ತಿದ್ದಾಗ ಅವಳು ಪಕ್ಕದಲ್ಲಿ ಹುರುಳಿಕಾಯಿ ಹೆಚ್ಚುತ್ತಾ ಕೂತಿದ್ದಳು. ನಾನು ಆಗಲೂ ಇದೇ ಗೊಣಗು ತೆಗೆದಿದ್ದೆ. ಅವಳು ತಲೆಯೆತ್ತದೆ, "ಎಲ್ಲರಿಗೂ ಗೊತ್ತಿರುತ್ತೆ ಬಿಡ್ರಿ. ಗೊತ್ತು ಅಂದ್ರೆ ಪಾಪ ಅವನು ಬೇಜಾರು ಮಾಡ್ಕೋತಾನೆ ಅಂತ ಸುಮ್ಮನಿರ್ತಾರೆ" ಎಂದಿದ್ದಳು. ಆ ಮಾತಿನಲ್ಲಿ ಯೋಚಿಸುವಂಥದ್ದೇನೋ ಇದೆ ಎಂದು ನನಗೆ ಅನ್ನಿಸಿರಲಿಲ್ಲ. ಅವಳು ಹೇಳಿದ್ದರಲ್ಲಿ ಮುಕ್ಕಾಲು ಪಾಲನ್ನು ನಾನು ಹಾಗೇ ಕೇಳಿಸಿಕೊಂಡದ್ದು.

ಏಪ್ರಿಲ್‌ನಲ್ಲಿ ಎರಡು ದಿನ ಬಿಡದೆ ಮಳೆ ಹಿಡಿದು ನಮ್ಮ ನೆಲಮಾಳಿಗೆಯಲ್ಲಿ ನೀರು ಒಸರಿತು. ತಪಾಸಣೆಗಾರನ ಮನೆಯಲ್ಲೇ ನೀರು ಎಂದರೆ ಮರ್ಯಾದೆಯ ಪ್ರಶ್ನೆ, ಹಾಗಾಗಿ ಯಾರನ್ನೂ ಕರೆಯದೆ ನಾನೇ ಇಳಿದೆ. ಪಂಪು ಸರಿಮಾಡಿ, ಗೋಡೆಯ ಹತ್ತಿರದ ಸಾಮಾನು ಎತ್ತಿಡುವಾಗ ಮನೆ ಬೆಚ್ಚಗಿಡಲು ಒಲೆಯಂತೆ ಉರಿಯುವ ಆ ದೊಡ್ಡ ಫರ್ನೇಸಿನ ಹಿಂದಿನ ಗೂಡಿನಲ್ಲಿ ಸ್ಟೀಲಿನ ಪಾತ್ರೆಗಳ ಒಂದು ಸಾಲು ಕಂಡಿತು. ಡಬರಿ, ಮುಚ್ಚಳದ ಡಬ್ಬಿ, ಎರಡು ಡಬ್ಬಿಯ ಹಳೆಯ ಟಿಫಿನ್ ಕ್ಯಾರಿಯರ್. ಎಲ್ಲ ಸೇರಿ ಹನ್ನೊಂದು. ಒಂದೊಂದರ ಕಂಠದ ಮೇಲೂ ಪಾತ್ರೆ ಅಂಗಡಿಯವರು ಚುಕ್ಕೆ ಚುಕ್ಕೆಯಾಗಿ ಕೊರೆದುಕೊಡುವ ಹೆಸರು. ಕಮಲಮ್ಮ. ಕೆ. ಎಸ್. ರಾಮಯ್ಯ. ಚಿ. ಸೌ. ಗಿರಿಜೆಯ ಮದುವೆಯ ಜ್ಞಾಪಕಾರ್ಥ. ಪುಟ್ಟತಾಯಮ್ಮ. ಒಂದಾದರೂ ನಮ್ಮ ಹೆಸರಲ್ಲ.

ನಿಧಿಗೆ ಫೋನ್ ಮಾಡಿದೆ. "ಅದಾ? ಅಮ್ಮ ಹೋದಾಗ ಟೆನ್ ಡೇಸ್ ಊಟ ಬಂತಲ್ಲ, ಅದರಲ್ಲಿ ಬಂದಿದ್ದು. ಬೆಳಿಗ್ಗೆ ಬಾಗಿಲು ತೆಗೆದರೆ ಪೋರ್ಚ್ ಮೇಲೆ ಇರ್ತಿತ್ತು. ಯಾರದು ಅಂತ ಗೊತ್ತಾಗಲಿಲ್ಲ, ತೊಳೆದು ಇಟ್ಟೆ."

"ಹೆಸರು ಇದೆಯಲ್ಲಮ್ಮ ಅದರ ಮೇಲೆ."

"ಐ ಥಾಟ್ ಇಟ್ ವಾಸ್ ಎ ಡಿಸೈನ್, ಅಪ್ಪ" ಎಂದಳು. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಕಲಿಸುತ್ತೇನೆ ಎಂದು ಪ್ರತಿ ಯುಗಾದಿಗೆ ಹೇಳಿ ಮರೆತವನು ನಾನು. ಆದರೆ ಓದಲು ಬರುವ ನಾನು ಆ ಹತ್ತು ದಿನ ಅದರಿಂದಲೇ ಬಡಿಸಿಕೊಂಡು ಉಂಡಿದ್ದೆ, ನನಗೂ ಒಂದಕ್ಷರ ಕಂಡಿರಲಿಲ್ಲ. ಕಂಡದ್ದು ಒಂದೇ, ಒಂದು ದಿನದ ಸಾರಿಗೆ ಉಪ್ಪು ಕಡಿಮೆ ಎಂಬುದು. ಅದನ್ನು ಬಾಯಿಬಿಟ್ಟು ಹೇಳಿಯೂ ಇದ್ದೆ ಎಂದು ನಿಧಿ ಆಮೇಲೆ ನೆನಪಿಸಿದಳು.

ಯಾರದ್ದೇ ಪಾತ್ರೆ ಬಂದರೂ ತಿಂಗಳೊಳಗೆ ಹಿಂದಕ್ಕೆ ಹೋಗಬೇಕು, ಖಾಲಿ ಹೋಗಬಾರದು ಎಂಬುದು ವನಜಳ ಕಟ್ಟುನಿಟ್ಟು. ಏನೂ ಇಲ್ಲದಿದ್ದರೆ ನಾಲ್ಕು ಚಮಚ ಸಕ್ಕರೆಯಾದರೂ ಹಾಕಿ ಕಳಿಸುತ್ತಿದ್ದಳು. ಅವಳ ಸಾವಿಗೆ ಬಂದ ಪಾತ್ರೆಗಳೇ ಏಳು ತಿಂಗಳು ನನ್ನ ಮನೆಯಲ್ಲಿ ಕೂತಿವೆ ಎಂದು ನನಗೆ ನಾಚಿಕೆಯಾಯಿತು. ಹನ್ನೊಂದನ್ನೂ ಒರೆಸಿ, ಊಟದ ಮೇಜಿನ ಮೇಲೆ ಸಾಲಾಗಿಟ್ಟು, ಒಂದೊಂದರಲ್ಲೂ ಸಕ್ಕರೆ ತುಂಬಿಸಿದೆ. ಆಮೇಲೆ ಯಾರ ಮನೆಗೆ ಒಯ್ಯುವುದು ಎಂದು ಕೂತು ಲೆಕ್ಕ ಹಾಕಿದೆ. ಇಲ್ಲಿ ಕಮಲಮ್ಮ ಎಂಬುವರು ಯಾರೂ ಇಲ್ಲ. ರಾಮಯ್ಯನವರು ಇಲ್ಲ. ಪುಟ್ಟತಾಯಮ್ಮ ಎಂಬ ಹೆಸರು ಈ ರಾಜ್ಯದ ಗಡಿ ದಾಟಿ ಬಂದದ್ದೇ ಅನುಮಾನ. ಯೋಚಿಸಿ ಸಾಕಾಗಿ, ಪಾತ್ರೆಗಳ ಫೋಟೋ ತೆಗೆದು, ಹೆಸರು ಕಾಣುವಂತೆ ದೊಡ್ಡದು ಮಾಡಿ, ನಮ್ಮ ಬಳಗದ ಫೋನ್ ಗುಂಪಿಗೆ ಹಾಕಿದೆ. "ವನಜ ತೀರಿಕೊಂಡಾಗ ಊಟ ಬಂದ ಪಾತ್ರೆಗಳು. ಯಾರದ್ದೆಂದು ದಯವಿಟ್ಟು ತಿಳಿಸಿ, ತಂದುಕೊಡುತ್ತೇನೆ."

ನಮ್ಮ ಗುಂಪಿನಲ್ಲಿ ಇನ್ನೂರು ಜನ ಇದ್ದಾರೆ. ಯಾರಾದರೂ ಮನೆಯಲ್ಲಿ ಕರಿಬೇವಿನ ಗಿಡ ಚಿಗುರಿದೆ ಎಂದರೆ ನಿಮಿಷಕ್ಕೆ ಮೂವತ್ತು ಉತ್ತರ. ಬೆಳಿಗ್ಗೆ ಎದ್ದರೆ ಗುಲಾಬಿ ಹೂವಿನ ಮೇಲೆ ಶುಭೋದಯ ಬರೆದ ಚಿತ್ರಗಳು ಸಾಲುಗಟ್ಟಿರುತ್ತವೆ. ಆ ಗುಂಪು ನನ್ನ ಫೋಟೋ ನೋಡಿ ಮೂಕವಾಯಿತು. ಮಳೆಗೆ ನಿಧಿ ಬಾರದ ಆ ಶನಿವಾರ ಮಧ್ಯಾಹ್ನ ಹಾಕಿದ್ದು, ಭಾನುವಾರ ರಾತ್ರಿಯಾದರೂ ಒಂದು ಉತ್ತರವಿಲ್ಲ. ಭಾನುವಾರ ಬೆಳಿಗ್ಗೆ ಹೂವೂ ಬರಲಿಲ್ಲ. ಹೆಂಡತಿ ಹೋದವನ ಮಾತಿಗೆ ಇಷ್ಟೇ ಬೆಲೆ ಎಂದು ಮನಸ್ಸಿಗೆ ನೋವಾಯಿತು. ಸೋಮವಾರ ಸಂಜೆ ಒಂದೇ ಒಂದು ಉತ್ತರ ಬಂತು. ಸಮರ್‌ಸೆಟ್‌ಗೆ ಹೊಸದಾಗಿ ಬಂದಿದ್ದ ಪ್ರಸನ್ನ ಎಂಬ ಹುಡುಗ, ಔಷಧಿ ಕಂಪನಿಯ ಲ್ಯಾಬಿನಲ್ಲಿ ಕೆಲಸ, ಮದುವೆಯಾಗಿ ಒಂದು ವರ್ಷ. "ಅಂಕಲ್, ಹೂ ಈಸ್ ಕಮಲಮ್ಮ ಆಂಟಿ? ಇಂಥ ಹೆಸರಿರೋ ಪಾತ್ರೆ ಸುಮಾರು ಜನರ ಮನೇಲಿ ನೋಡಿದೀನಿ. ಯಾರು ಅಂತ ಕೇಳಿದ್ರೆ ಯಾರೂ ಹೇಳಲ್ಲ" ಎಂದು ಬರೆದಿದ್ದ.

ಅದಾಗಿ ಅರ್ಧ ಗಂಟೆಗೆ ಬಸವರಾಜ ನಮ್ಮ ಬಾಗಿಲಲ್ಲಿ ನಿಂತಿದ್ದ. ಅವನೂ ಸಮರ್‌ಸೆಟ್ಟಿನವನು, ಊರು ಗದಗಿನ ಕಡೆ, ಆಫೀಸಿನಿಂದ ನೇರವಾಗಿ ಬಂದಿದ್ದ, ಕೊರಳಲ್ಲಿ ಗುರುತಿನ ಚೀಟಿ ಹಾಗೇ ಇತ್ತು.

"ಸರ್ರ, ಆ ಫೋಟೋ ಯಾಕ ಹಾಕಿದ್ರಿ? ತಗದಬಿಡ್ರಿ" ಎಂದ.

"ಈಗ ತೆಗೆಯಕ್ಕೆ ಬರಲ್ಲಪ್ಪ, ಎರಡು ದಿನ ಆಯ್ತು. ಯಾಕೆ?"

ಅವನು ಮೇಜಿನ ಮೇಲಿನ ಸಾಲನ್ನು ನೋಡಿದ. ಕಮಲಮ್ಮನ ಡಬರಿಯನ್ನು ಎತ್ತಿ, ಸಕ್ಕರೆ ಚೆಲ್ಲದಂತೆ ಸುತ್ತ ತಿರುಗಿಸಿ ನೋಡಿದ. "ಇದು ನಮ್ಮ ಮನ್ಯಾಗ ನಾಕು ವರ್ಷ ಇತ್ತರಿ" ಎಂದ.

"ಹಾಗಾದ್ರೆ ನಿಮ್ಮದೇ. ತಗೊಂಡು ಹೋಗಪ್ಪ."

"ನಮ್ಮದಲ್ಲರಿ. ನಿಮ್ಮದು. ಮೇಡಂ ಅವರದು." ಅವನು ನನ್ನ ಮುಖ ನೋಡುತ್ತಾ ನಿಧಾನವಾಗಿ ಕುರ್ಚಿಯಲ್ಲಿ ಕೂತ. "ನಿಮಗ ಖರೇನ ಗೊತ್ತಿಲ್ಲೇನ್ರಿ?"

ಅವನು ಹೇಳಿದ್ದು ಇಷ್ಟು. ಅವನ ತಾಯಿ ಊರಿನಲ್ಲಿ ತೀರಿಕೊಂಡಾಗ ಅವನ ವೀಸಾ ಕಾಗದ ಯಾವುದೋ ಕಚೇರಿಯಲ್ಲಿ ಸಿಕ್ಕಿಕೊಂಡಿತ್ತು. ಹೋದರೆ ವಾಪಸು ಬರುವುದು ಖಾತ್ರಿಯಿಲ್ಲ, ಹೋಗಲಿಲ್ಲ. ತಾಯಿಯ ಮುಖವನ್ನು ಫೋನಿನಲ್ಲಿ ನೋಡಿ ಕೂತಿದ್ದ. ಯಾರನ್ನೂ ನೋಡುವುದು ಬೇಡ ಎಂದು ಗಂಡ ಹೆಂಡತಿ ಬಾಗಿಲು ಹಾಕಿಕೊಂಡಿದ್ದರು. ಮಾರನೆಯ ದಿನ ಬಾಗಿಲು ತೆಗೆದರೆ ಪೋರ್ಚಿನ ಮೇಲೆ ಟವೆಲ್ ಸುತ್ತಿದ ಒಂದು ಡಬರಿ, ಬಿಸಿ ತಿಳಿಸಾರು, ಪಕ್ಕದಲ್ಲಿ ಅನ್ನದ ಡಬ್ಬಿ. ಗಂಟೆ ಒತ್ತಿರಲಿಲ್ಲ, ಚೀಟಿ ಇರಲಿಲ್ಲ. ಮೂರು ದಿನ ಹಾಗೇ.

"ಕಮಲಮ್ಮ ಯಾರು ಅಂತ ಒಂದು ದಿನ ತಲಿ ಕೆಡಿಸಿಕೊಂಡ್ವಿರಿ. ಎರಡನೇ ದಿನ ಗೊತ್ತಾತು. ಸಾರಿನ್ಯಾಗ ಅಷ್ಟು ಬೆಲ್ಲ ಹಾಕೋರು ಇಡೀ ಜೆರ್ಸಿಯೊಳಗ ನಿಮ್ಮ ಮನಿಯವರೊಬ್ರ."

"ಬಾಗಿಲಲ್ಲಿ ಕ್ಯಾಮೆರಾ ಇರಲಿಲ್ವಾ?"

"ಇತ್ತರಿ. ಮೂರನೇ ದಿನ ಮುಂಜಾನೆ ನಾನ ಎದ್ದು ಅದರ ಮ್ಯಾಲ ಟವೆಲ್ ಹಾಕಿ ಬಂದೆ."

"ಯಾಕೆ?"

"ಸಿಕ್ಕಬಿಡ್ತಿದ್ರಲ್ರಿ" ಎಂದ ಬಸವರಾಜ, ಇದೇನು ಕೇಳುತ್ತೀರಿ ಎಂಬಂತೆ. "ಸಿಕ್ಕೆ ಅಂತ ಗೊತ್ತಾದ್ರ ಮುಂದಿನವರಿಗೆ ಒಯ್ಯೂದು ನಿಲ್ಲಿಸಿಬಿಡ್ತಿದ್ರು. ಥ್ಯಾಂಕ್ಸ್ ಹೇಳೂದು ನಮಗ ದೊಡ್ಡದಲ್ಲರಿ. ನಮ್ಮ ಹಿಂದ ಎಷ್ಟು ಮಂದಿ ಇದ್ರು."

ಎಷ್ಟು ಮಂದಿ ಎಂದು ನಾನು ಕೇಳಲಿಲ್ಲ. ಮೇಜಿನ ಮೇಲೆ ಹನ್ನೊಂದು ಕಾಣುತ್ತಿದ್ದವು. ಊರಿನಿಂದ ಸಾವಿನ ಫೋನು ಬಂದ ಹನ್ನೊಂದು ಮನೆ. ಯಾರಿಗೂ ಆ ಪಾತ್ರೆಯನ್ನು ಎಲ್ಲಿಗೆ ಹಿಂತಿರುಗಿಸಬೇಕೆಂದು ಗೊತ್ತಾಗಬಾರದು ಎಂದೇ ಅವಳು ಬೇರೆಯವರ ಹೆಸರಿನದನ್ನು ಒಯ್ಯುತ್ತಿದ್ದಳು. ಅವರು ಅದನ್ನು ತೊಳೆದು ಇಟ್ಟುಕೊಂಡು ಕಾದಿದ್ದರು. ಕೊನೆಗೆ ನಮ್ಮ ಮನೆಗೇ ಸಾವು ಬಂದಾಗ, ಒಬ್ಬೊಬ್ಬರಾಗಿ, ಗಂಟೆ ಒತ್ತದೆ, ತುಂಬಿಸಿ ತಂದಿಟ್ಟಿದ್ದರು. ನಾನು ಉಪ್ಪು ಕಡಿಮೆ ಎಂದಿದ್ದೆ.

ಪಾತ್ರೆ ಬಂದದ್ದೆಲ್ಲಿಂದ ಎನ್ನುವುದು ಮಾತ್ರ ನನಗೆ ತಾನಾಗಿ ನೆನಪಾಯಿತು. ಒಮ್ಮೆ ಮೈಸೂರಿಗೆ ಹೋದಾಗ, ಹಳೆಯ ಪಾತ್ರೆ ತೆಗೆದುಕೊಂಡು ಹೊಸದು ಕೊಡುವ ಅಂಗಡಿಯ ಮುಂದೆ ಅವಳು ನನ್ನನ್ನು ಆಟೋದಲ್ಲಿ ಮುಕ್ಕಾಲು ಗಂಟೆ ಕೂರಿಸಿದ್ದಳು. ವಾಪಸು ಬರುವಾಗ ಒಂದು ಸೂಟ್‌ಕೇಸು ಎತ್ತಲಾರದಷ್ಟು ಭಾರ. ನೆವಾರ್ಕ್ ವಿಮಾನ ನಿಲ್ದಾಣದಲ್ಲಿ ಸಾಮಾನು ಬರುವ ಬೆಲ್ಟಿನಿಂದ ಅದನ್ನು ಎಳೆಯುತ್ತಾ ನಾನು, "ಇದರಲ್ಲೇನು ಕಬ್ಬಿಣದ ಅಂಗಡಿ ಇಟ್ಟಿದೀಯಾ?" ಎಂದು ಎಲ್ಲರೆದುರು ಗದರಿದ್ದೆ. "ಪಾತ್ರೆ. ಇಲ್ಲಿ ಅಂಥವು ಸಿಗಲ್ಲ" ಎಂದಿದ್ದಳು. ಅದು ಸುಳ್ಳಲ್ಲ. ಅವಳು ಒಂದು ಸುಳ್ಳನ್ನೂ ಹೇಳಿದಂತೆ ನನಗೆ ನೆನಪಿಲ್ಲ. ಲೈಬ್ರರಿ ಕಡೆ ಹೋಗಿ ಬರ್ತೀನಿ ಎನ್ನುತ್ತಿದ್ದಳು, ಬರಿಗೈಯಲ್ಲಿ ಬರುತ್ತಿದ್ದಳು, ಪುಸ್ತಕವೆಲ್ಲಿ ಎಂದು ನಾನು ಕೇಳುತ್ತಿರಲಿಲ್ಲ. ಕೆಲವು ದಿನ ಸಾರಿನ ಪಾತ್ರೆ ಇಬ್ಬರಿಗೆ ಬಹಳ ದೊಡ್ಡದಾಗಿ ಕಾಣುತ್ತಿತ್ತು. "ಇಷ್ಟೊಂದು ಯಾರಿಗೆ?" ಎಂದರೆ "ಇರಲಿ ಬಿಡ್ರಿ" ಎನ್ನುತ್ತಿದ್ದಳು. ಆ ಸಾರು ಮಾರನೆಯ ದಿನ ಇರುತ್ತಿರಲಿಲ್ಲ. ಕೋಟ್ಯಧೀಶನ ಅಡುಗೆಯವನಿಗೆ ಗೊತ್ತಾಗದೇ ಇರುತ್ತದೆಯೇ ಎಂದು ಮಗಳ ಹತ್ತಿರ ವಾದ ಮಾಡಿದ ತಪಾಸಣೆಗಾರ ನಾನು. ಹತ್ತೊಂಬತ್ತು ವರ್ಷ ಊರವರ ನೆಲಮಾಳಿಗೆಗಳಲ್ಲಿ ಸುಳ್ಳು ಗೋಡೆ ಬಡಿದು ನೋಡಿದೆ. ನನ್ನ ಮನೆಯದನ್ನು ನೋಡಿದ್ದು ನೀರು ಬಂದಾಗ.

"ಈಗ ಏನು ಮಾಡೋದು ಬಸವರಾಜ?" ಎಂದೆ. ನನಗೆ ನಿಜವಾಗಿ ಭಯವಾಗಿತ್ತು. ಅವಳು ಇಷ್ಟು ವರ್ಷ ಜೋಪಾನವಾಗಿಟ್ಟ ಒಂದೇ ಒಂದು ಗುಟ್ಟನ್ನು, ಅವಳು ಹೋದಮೇಲೆ ಇನ್ನೂರು ಜನರ ಮುಂದೆ, ಹೆಸರು ದೊಡ್ಡದು ಮಾಡಿ, ನಾನೇ ಹರಡಿದ್ದೆ. ಗೊತ್ತಿದ್ದವರು ಸುಮ್ಮನಿದ್ದರು. ಗೊತ್ತಿಲ್ಲದವರು ಕೇಳಲು ಶುರುಮಾಡಿದ್ದರು. ಇನ್ನೊಂದು ದಿನದಲ್ಲಿ ಯಾರಾದರೂ ಒಳ್ಳೆಯ ಮನಸ್ಸಿನಿಂದಲೇ ಉತ್ತರ ಹೇಳಿಬಿಡುತ್ತಾರೆ, ಅದರ ಕೆಳಗೆ ನೂರಾರು ಕೈಮುಗಿದ ಚಿತ್ರಗಳು ಬರುತ್ತವೆ, ಸಂಘದವರು ಶಾಲು ಹೊದಿಸಲು ಅವಳ ಫೋಟೋ ಕೇಳುತ್ತಾರೆ. ಅವಳಿಗೆ ಬೇಡವಾಗಿದ್ದ ಒಂದನ್ನಾದರೂ ತಡೆಯುವುದು ನನಗೆ ಉಳಿದಿರುವ ಕೊನೆಯ ಕೆಲಸ ಎನ್ನಿಸಿತು, ಅದನ್ನೂ ಕೆಡಿಸಿಕೊಂಡಿದ್ದೆ.

ಬಸವರಾಜ ಸ್ವಲ್ಪ ಹೊತ್ತು ಫೋನು ಹಿಡಿದು ಯಾರ್‍ಯಾರಿಗೋ ಏನೋ ಒತ್ತಿದ. "ನೋಡೂಣ್ರಿ" ಎಂದ. ನಾನು ಕಾಫಿ ಮಾಡಲು ಎದ್ದರೆ ಬೇಡವೆಂದು ಕೂರಿಸಿದ.

ಹತ್ತು ನಿಮಿಷಕ್ಕೆ ಗುಂಪಿನಲ್ಲಿ ಮೊದಲ ಉತ್ತರ ಬಂತು. "ರಾಮಯ್ಯ ನಮ್ಮ ಮಾವನ ಅಣ್ಣ. ಆ ಕ್ಯಾರಿಯರ್ ನಮ್ಮದು. ನಾಳೆ ಬಂದು ತಗೋತೀನಿ." ಅದರ ಹಿಂದೆಯೇ ಗಿರಿಜೆ ಒಬ್ಬರ ಚಿಕ್ಕಮ್ಮನಾದಳು. ಪುಟ್ಟತಾಯಮ್ಮ ಮತ್ತೊಬ್ಬರ ಮುತ್ತಜ್ಜಿಯಾದರು. ಒಂದೊಂದೇ ಪಾತ್ರೆಗೆ ವಾರಸುದಾರರು ಹುಟ್ಟಿಕೊಳ್ಳುತ್ತಾ ಹೋದರು. ಶ್ರೀ ಸತ್ಯನಾರಾಯಣ ಪೂಜೆಯ ಜ್ಞಾಪಕಾರ್ಥ ಎಂದು ಕೊರೆದಿದ್ದ ಡಬ್ಬಿಯನ್ನು ಮಾತ್ರ ಯಾರೂ ಕೇಳದೆ ಸ್ವಲ್ಪ ಹೊತ್ತು ಉಳಿದಿತ್ತು. ಕೊನೆಗೆ ಮಂಗಳೂರು ಕಡೆಯ ಫ್ರಾನ್ಸಿಸ್ ಬರೆದರು, "ಅದು ನಮ್ಮ ಮನೆದು ಮಾರಾಯ್ರೆ." ಅವರ ಅಪ್ಪ ಹೋಗಿ ಮೂರು ವರ್ಷವಾಗಿತ್ತು. ಪ್ರತಿ ಭಾನುವಾರ ತಪ್ಪದೆ ಚರ್ಚಿಗೆ ಹೋಗುವ ಮನುಷ್ಯ. ಅದನ್ನು ಓದಿ ಬಸವರಾಜ ನಕ್ಕ. ನಾನೂ ನಕ್ಕೆ. ವನಜ ಹೋದಮೇಲೆ ಆ ಮನೆಯಲ್ಲಿ ನಾನು ನಕ್ಕದ್ದು ಅದೇ ಮೊದಲು, ಕಣ್ಣು ಒರೆಸಿಕೊಳ್ಳಬೇಕಾಯಿತು.

ಆ ಹುಡುಗ ಪ್ರಸನ್ನ ಎಲ್ಲವನ್ನೂ ಓದಿ, "ಓಹ್, ಓಕೆ ಅಂಕಲ್" ಎಂದಷ್ಟೇ ಬರೆದ.

ವಾರದಲ್ಲಿ ಹತ್ತು ಪಾತ್ರೆಗಳು ಹೋದವು. ಬಂದವರೆಲ್ಲ ಬಹಳ ಗಂಭೀರವಾಗಿ ತಮ್ಮ ಚಿಕ್ಕಮ್ಮಂದಿರ ಪಾತ್ರೆ ತೆಗೆದುಕೊಂಡು, ಸಕ್ಕರೆಗೆ ಥ್ಯಾಂಕ್ಸ್ ಹೇಳಿ, ಇನ್ನೊಂದು ಮಾತಾಡದೆ ಹೋದರು. ಹನ್ನೊಂದನೆಯದು ಕಮಲಮ್ಮನದು. ಅದನ್ನು ಬಸವರಾಜ ಕೇಳಲಿಲ್ಲ. "ಇದು ನಿಮ್ಮ ಕಡೆನ ಇರಲ್ರಿ" ಎಂದು ಮೇಜಿನ ನಡುವೆ ಇಟ್ಟು ಹೋಗಿದ್ದ.

ಮುಂದಿನ ಶನಿವಾರ ನಿಧಿಗೆ ಎಲ್ಲ ಹೇಳಿದೆ. ಅವಳು ಡಬರಿಯ ಚುಕ್ಕೆಗಳ ಮೇಲೆ ಬೆರಳಾಡಿಸುತ್ತಾ ಕೇಳಿದಳು. "ಯಾವ ಲೆಟರ್ ಯಾವುದು ತೋರ್ಸು" ಎಂದಳು, ತೋರಿಸಿದೆ. ಕ, ಮ, ಲ. ಸ್ವಲ್ಪ ಹೊತ್ತಾದ ಮೇಲೆ ಅವಳದೇ ಪ್ರಶ್ನೆ ಬಂತು. "ಎವ್ರಿ ಸೂಪರ್‌ಹೀರೋಗೂ ಒಂದು ಒರಿಜಿನ್ ಸ್ಟೋರಿ ಇರುತ್ತೆ, ಅಪ್ಪ. ಅಮ್ಮಂದು ಏನು?"

ಗೊತ್ತಿಲ್ಲ ಎನ್ನಲು ಹೊರಟವನಿಗೆ ಗೊತ್ತಿತ್ತು. ವನಜಳ ತಾಯಿ ತೀರಿಕೊಂಡ ದಿನ, ನಿಧಿ ಆಗ ಮೂರನೇ ಕ್ಲಾಸು. ಟಿಕೆಟ್ ಸಿಕ್ಕಿದ್ದು ನಾಲ್ಕು ದಿನ ಬಿಟ್ಟು. ವಿಷಯ ತಿಳಿದವರೆಲ್ಲ ಪ್ರೀತಿಯಿಂದಲೇ ಬಂದರು. ಹಾಲ್ ತುಂಬಿತು. ಅವಳ ತಾಯಿ ಹೇಗೆ ಹೋದರು, ಯಾವ ಆಸ್ಪತ್ರೆ, ಕೊನೆಗೆ ಏನಂದರು ಎಂದು ಬಂದವರಿಗೆಲ್ಲ ನಾನು ಸೋಫಾದಲ್ಲಿ ಕೂತು ವಿವರಿಸುತ್ತಿದ್ದೆ. ವನಜ ಅಡುಗೆಮನೆಯಲ್ಲಿದ್ದಳು. ಬಂದ ಪಾತ್ರೆಗಳನ್ನು ತೊಳೆದು, ಹೆಸರು ನೋಡಿ ಬೇರೆ ಮಾಡಿ, ಒಂದೊಂದರಲ್ಲೂ ಏನೋ ತುಂಬಿಸಿ ಕಳಿಸುತ್ತಿದ್ದಳು, ಹೊರಡುವ ಮುಂಚೆ ಎಲ್ಲರದ್ದೂ ವಾಪಸು ಹೋಗಬೇಕಲ್ಲ. ಅಷ್ಟರಲ್ಲಿ ನಾನು ಕೂತಲ್ಲಿಂದ ಕೂಗಿದ್ದೆ, "ವನಜಾ, ಇನ್ನೂ ನಾಲ್ಕು ಕಾಫಿ." ಅವಳು ನಾಲ್ಕು ಕಾಫಿ ತಂದಳು. ಕಣ್ಣು ಕೆಂಪಾಗಿತ್ತು, ಲೋಟಗಳು ಸಮವಾಗಿದ್ದವು. ಅವಳು ಅತ್ತದ್ದನ್ನು ಆ ನಾಲ್ಕು ದಿನ ನಾನು ನೋಡಲಿಲ್ಲ. ಅವಳಿಗೆ ಸಮಯ ಸಿಕ್ಕಿರಲಿಲ್ಲ.

ಇಷ್ಟನ್ನೂ ಮಗಳಿಗೆ ಹೇಳಿ, "ಆ ಕಥೆಯಲ್ಲಿ ವಿಲನ್ ನಾನೇ ಅಮ್ಮ" ಎಂದೆ.

ನಿಧಿ ಸೋಫಾದ ಆ ತುದಿಯಿಂದ ಎದ್ದು ಈ ತುದಿಗೆ ಬಂದು ಕೂತಳು. "ಶೀ ಮ್ಯಾರೀಡ್ ದ ವಿಲನ್. ದ್ಯಾಟ್ಸ್ ನ್ಯೂ" ಎಂದಳು. ಆ ದಿನ ಸಿನಿಮಾ ಹಾಕಲಿಲ್ಲ. ಸಂಜೆಯವರೆಗೆ ವನಜಳ ಬಗ್ಗೆಯೇ ಮಾತಾಡಿದೆವು. ಹುರುಳಿಕಾಯಿ ಹೆಚ್ಚುತ್ತಾ ಅವಳು ಹೇಳಿದ ಮಾತನ್ನೂ ಹೇಳಿದೆ. ಎಲ್ಲರಿಗೂ ಗೊತ್ತಿರುತ್ತೆ, ಸುಮ್ಮನಿರ್ತಾರೆ. ನಿಧಿ ನನ್ನ ಕಡೆ ತಿರುಗಿ, "ಸೋ ಶೀ ನ್ಯೂ" ಎಂದಳು. ಅವರಿಗೆ ಗೊತ್ತೆಂದು ವನಜಳಿಗೂ ಗೊತ್ತಿತ್ತು. ಟವೆಲ್ ಮುಚ್ಚಿದ ಕ್ಯಾಮೆರಾವನ್ನು ಅವಳು ನೋಡದೇ ಇರುತ್ತಾಳೆಯೇ? ಬಾಗಿಲಿನ ಒಳಗಿದ್ದವರೂ ಹೊರಗಿದ್ದವಳೂ ಸೇರಿ ಇಷ್ಟು ವರ್ಷ ಒಬ್ಬರಿಗೊಬ್ಬರು ಗೊತ್ತಿಲ್ಲದಂತೆ ಇದ್ದರು. ಗೊತ್ತಿಲ್ಲದಂತೆ ಇರುವ ಶ್ರಮವನ್ನೇ ಪಡದೆ, ನಿಜವಾಗಿಯೂ ಗೊತ್ತಿಲ್ಲದೆ ಇದ್ದವನು ನಾನೊಬ್ಬ.

ಅಕ್ಟೋಬರಿನಲ್ಲಿ ಪ್ರಸನ್ನನ ತಂದೆ ತೀರಿಕೊಂಡರು. ಅವನ ಹೆಂಡತಿಗೆ ಆಗ ಎಂಟು ತಿಂಗಳು, ಬಿಟ್ಟು ಹೋಗುವಂತಿರಲಿಲ್ಲ. ಗುಂಪಿನಲ್ಲಿ ಸುದ್ದಿ ಓದಿದ ಬೆಳಿಗ್ಗೆ ನಾನು ರಜೆ ಹಾಕಿ, ನಿಧಿ ಅವಳ ಅಮ್ಮನನ್ನು ಕೇಳಿ ಎಂದೋ ಬರೆದುಕೊಂಡಿದ್ದ ಇಂಗ್ಲಿಷ್ ಚೀಟಿ ನೋಡಿಕೊಂಡು ಸಾರು ಮಾಡಿದೆ. ಚೀಟಿಯಲ್ಲಿ 'ಸ್ವಲ್ಪ' ಎಂದಿದ್ದ ಬೆಲ್ಲ ಸ್ವಲ್ಪವೇ ಬಿತ್ತು, ಉಪ್ಪು ಮಾತ್ರ ಸ್ವಲ್ಪ ಜಾಸ್ತಿಯೇ ಬಿತ್ತು. ಕಮಲಮ್ಮನ ಡಬರಿಗೆ ಟವೆಲ್ ಸುತ್ತಿ ಸಮರ್‌ಸೆಟ್ಟಿಗೆ ಹೊರಟೆ. ಗುರುತು ಸಿಗಬಾರದೆಂದು ಕ್ಯಾಪ್ ಹಾಕಿದ್ದೆ, ಕಪ್ಪು ಕನ್ನಡಕ ಹಾಕಿದ್ದೆ, ಕಾರನ್ನು ಎರಡು ಬೀದಿ ಆಚೆ ನಿಲ್ಲಿಸಿದ್ದೆ. ಚಳಿಗೆ ಕೈಗೆ ಸಿಕ್ಕಿದ ಜಾಕೆಟ್ ತೊಟ್ಟಿದ್ದೆ. ಅದರ ಬೆನ್ನಿನ ಮೇಲೆ ನಮ್ಮ ಟೌನ್‌ಶಿಪ್ಪಿನ ಹೆಸರೂ ಕಟ್ಟಡ ತಪಾಸಣೆ ಎಂಬ ಅಕ್ಷರಗಳೂ ಹೊಳೆಯುವ ಹಳದಿಯಲ್ಲಿ ಇವೆ ಎಂಬುದು ಹೊಳೆದದ್ದು ಮನೆಗೆ ವಾಪಸು ಬಂದು ಅದನ್ನು ಗೂಟಕ್ಕೆ ಹಾಕುವಾಗ.

ಎರಡನೇ ದಿನ ಬೇರೆ ಜಾಕೆಟ್ ಹಾಕಿಕೊಂಡು ಹೋದೆ. ಮೆಟ್ಟಿಲು ಹತ್ತಿ ಬಗ್ಗಿ ಡಬ್ಬಿ ಇಟ್ಟು ತಲೆಯೆತ್ತಿದರೆ, ಅವರ ಬಾಗಿಲಿನ ಕ್ಯಾಮೆರಾ ಕಾಣಲಿಲ್ಲ. ಅದರ ಮೇಲೆ ಒಂದು ನೀಲಿ ಮಾಸ್ಕ್, ನಾವೆಲ್ಲ ಒಂದು ಕಾಲದಲ್ಲಿ ಮೂಗಿಗೆ ಹಾಕಿಕೊಂಡು ಓಡಾಡಿದಂಥದ್ದು, ಎರಡು ದಾರವನ್ನೂ ನೀಟಾಗಿ ಬಿಗಿದು ಕಟ್ಟಿತ್ತು. ನಾನು ಸದ್ದಿಲ್ಲದೆ ಇಳಿದು ಬಂದೆ.

ತಿಂಗಳು ಕಳೆದ ಮೇಲೆ ಇಂಡಿಯನ್ ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು ಆರಿಸುತ್ತಿದ್ದಾಗ ಪ್ರಸನ್ನ ಸಿಕ್ಕ. ಮಗು ಹುಟ್ಟಿದ್ದನ್ನು ಹೇಳಿದ. ತಂದೆಯ ವಿಷಯಕ್ಕೆ ನಾನು ಎರಡು ಮಾತು ಹೇಳಿದೆ. ಅವನು ನನ್ನ ಮುಖವನ್ನೇ ನೇರವಾಗಿ ನೋಡುತ್ತಾ ಹೇಳಿದ, "ಆ ಟೈಮಲ್ಲಿ ಯಾರೋ ಬಾಗಿಲ ಹತ್ರ ಸಾರು ಇಟ್ಟು ಹೋಗ್ತಿದ್ರು ಅಂಕಲ್. ಮೂರು ದಿನ. ಯಾರು ಅಂತ ಗೊತ್ತೇ ಆಗಲಿಲ್ಲ."

"ಹೌದಾ" ಎಂದೆ.

"ಹೂಂ. ಉಪ್ಪು ಸ್ವಲ್ಪ ಜಾಸ್ತಿ ಇರ್ತಿತ್ತು."

"ಪಾಪ, ಯಾರೋ ಹೊಸಬರಿರಬೇಕು" ಎಂದು ನಾನು ಕೊತ್ತಂಬರಿಯ ಕಡೆ ತಿರುಗಿದೆ.